ಬೂಸರು ಹಿಡಿದ ಕ್ಯಾನ್ವಾಸ್ ಚೀಲವನ್ನು ಬಿಚ್ಚಿ, ತೊಳೆದು, ಹೊಲಿದು, ಮೇಣ ಹಚ್ಚಿದ್ದು

ಚೀಲ ನಮ್ಮ ಕಾಸರಗೋಡು ಜಿಲ್ಲೆಯ ಪೆರ್ಲದಲ್ಲಿರುವ ಭಾವನ ಮನೆಯದು. ಅಟ್ಟ ಖಾಲಿ ಮಾಡುವಾಗ ಹಳೇ ಹಾಸಿಗೆಯ ಅಡಿಯಿಂದ ಹೊರಗೆ ಬಂತು. "ಬೇಕಾದ್ರೆ ಕೊಂಡೋಗು ಮಾರಾಯ, ಇಲ್ಲದಿದ್ರೆ ನಾಳೆ ಬೆಂಕಿಗೆ" ಅಂದರು. ಮಿಲಿಟರಿ ಹಸಿರು ಬಣ್ಣ, ದಪ್ಪ ಕ್ಯಾನ್ವಾಸ್, ಮೇಲೊಂದು ಮುಚ್ಚಳ, ಮುಚ್ಚಳ ಬಿಗಿಯಲು ಎರಡು ಚರ್ಮದ ಪಟ್ಟಿ, ಬಾಯಿಗೆ ಹಗ್ಗ ಹಾಯಿಸುವ ಲೋಹದ ಬಳೆ ಅಂದರೆ ಐಲೆಟ್, ಹೊರಗೆ ಎರಡು ಜೇಬು. ಲೇಬಲ್ ಎಲ್ಲೂ ಇಲ್ಲ. ಸುಮಾರು 25 ಲೀಟರ್ ಹಿಡಿಯುವ ಚೀಲ. ಈಗ ವಿಂಟೇಜ್ ಅಂತ ಹೆಸರಿಟ್ಟು ಮಾರುವ ಚೀಲಗಳೆಲ್ಲ ನಕಲು ಮಾಡುವುದು ಇಂಥದ್ದನ್ನೇ.

ಸ್ಥಿತಿ ಮಾತ್ರ ಚೆನ್ನಾಗಿರಲಿಲ್ಲ. ಒಳಗೆಲ್ಲ ಬೂಸರಿನ ಕಪ್ಪು ಚುಕ್ಕಿ. ಅಡಿಯ ಮೂಲೆಯಲ್ಲಿ ಹೆಬ್ಬೆರಳು ತೂರುವಷ್ಟು ತೂತು. ಒಂದು ಹೆಗಲಪಟ್ಟಿಯ ಬುಡದ ಹೊಲಿಗೆ ಪೂರ್ತಿ ಬಿಟ್ಟುಹೋಗಿತ್ತು. ಐಲೆಟ್‌ಗಳು ಕಬ್ಬಿಣದವು, ತುಕ್ಕು ಹಿಡಿದು ಸುತ್ತಲಿನ ಬಟ್ಟೆಯನ್ನೂ ಕೆಂಪು ಮಾಡಿದ್ದವು. ಮುಚ್ಚಳದ ಚರ್ಮದ ಪಟ್ಟಿಗಳಲ್ಲಿ ಒಂದನ್ನು ಬಗ್ಗಿಸಿದ ಕೂಡಲೇ ಬಿರುಕು ಬಿಟ್ಟಿತು. ಒಳ್ಳೆಯ ಸುದ್ದಿ ಒಂದೇ, ಬಕಲ್‌ಗಳು ಅಸಲಿ ಹಿತ್ತಾಳೆ.

ಇದು ಮಳೆಯಲ್ಲಿ ನೆನೆದು ಹಾಳಾದ ಚೀಲ ಅಲ್ಲ. ಅಟ್ಟದಲ್ಲಿಟ್ಟು ಹಾಳಾದದ್ದು. ಹಿಂದೆ ನಮ್ಮ ಕಡೆಯ ಮನೆಗಳಲ್ಲಿ ಅಟ್ಟ ಅಂದರೆ ಒಲೆಯ ಹೊಗೆ ಬೆಚ್ಚಗೆ ಹಾಯುತ್ತಿದ್ದ ಜಾಗ. ಹಗ್ಗ, ಬುಟ್ಟಿ, ಗೋಣಿ, ಬೀಜದ ಸೌತೆಕಾಯಿ ಎಲ್ಲ ಅಲ್ಲೇ ಇರುತ್ತಿತ್ತು, ಆಟಿ ತಿಂಗಳ (ಜುಲೈ-ಆಗಸ್ಟ್) ಜಡಿಮಳೆಯಲ್ಲೂ ಏನೂ ಆಗುತ್ತಿರಲಿಲ್ಲ. ಗ್ಯಾಸ್ ಬಂತು, ಸೌದೆ ಒಲೆ ಹೊರಗಿನ ಬಚ್ಚಲಿಗೆ ಹೋಯಿತು, ಆದರೆ ಸಾಮಾನು ಅಟ್ಟಕ್ಕೆ ಎಸೆಯುವ ಅಭ್ಯಾಸ ಹಾಗೇ ಉಳಿಯಿತು. ಈಗ ಅದು ಮನೆಯಲ್ಲೇ ಜಾಸ್ತಿ ತೇವ ಇರುವ ಮೂಲೆ. ಗಾಳಿಯ ತೇವಾಂಶ ನೂರಕ್ಕೆ 70 ದಾಟಿದರೆ ಬೂಸರಿಗೆ ಸಾಕು, ಜುಲೈಯಲ್ಲಿ ನಮ್ಮಲ್ಲಿ ಅದಕ್ಕಿಂತ ಎಷ್ಟೋ ಮೇಲಿರುತ್ತದೆ. ಹತ್ತಿ ಅದಕ್ಕೆ ಊಟವೇ. ಹಾಗಾಗಿ ಕಾಸರಗೋಡಿನಲ್ಲಿ ಕ್ಯಾನ್ವಾಸ್ ಚೀಲ ಇಟ್ಟುಕೊಳ್ಳುವವರು "ವಾಟರ್‌ಪ್ರೂಫ್ ಹೌದಾ" ಅಂತ ಕೇಳುವುದಕ್ಕಿಂತ "ಬಿಚ್ಚಿ ರಿಪೇರಿ ಮಾಡಲು ಆಗುತ್ತದಾ, ಬೇಗ ಒಣಗುತ್ತದಾ" ಅಂತ ಕೇಳುವುದು ಒಳ್ಳೆಯದು.

ಲಾಯಕ್ಕಾ, ಬಿಸಾಡುವುದಾ

ಹೊಲಿಗೆಗೆ ಕೂರುವ ಮೊದಲು ಬಟ್ಟೆಗೆ ಜೀವ ಇದೆಯಾ ನೋಡಬೇಕು. ಎರಡು ಮುಷ್ಟಿಯಲ್ಲಿ ಬಟ್ಟೆಯನ್ನು ಗಟ್ಟಿಯಾಗಿ ಹಿಡಿದು, ಹೆಬ್ಬೆರಳುಗಳನ್ನು ಹತ್ತಿರ ಇಟ್ಟು, ಜಗ್ಗಿ ಎಳೆಯಿರಿ. ಎಳೆಯುವುದನ್ನು ಚೆನ್ನಾಗಿ ಕಾಣುವ ಜಾಗದಲ್ಲಿ ಅಲ್ಲ, ಅತಿ ಕಪ್ಪಾದ ಜಾಗದಲ್ಲಿ ಮಾಡಬೇಕು. ಬರೀ ಕಲೆ ಆಗಿದ್ದರೆ ಬಟ್ಟೆ ಜಗ್ಗುವುದಿಲ್ಲ. ಒಳಗೇ ಕೊಳೆತಿದ್ದರೆ ಹಪ್ಪಳದ ಹಾಗೆ ಚಟ್ ಅಂತ ಬಿಡುತ್ತದೆ. ಆಮೇಲೆ ದಪ್ಪ ಸೂಜಿ ಚುಚ್ಚಿ ಪಕ್ಕಕ್ಕೆ ಎಳೆದು ನೋಡಿ. ನೂಲು ಸರಿದು ಜಾಗ ಕೊಟ್ಟರೆ ಒಳ್ಳೆಯದು, ತುಂಡಾದರೆ ಆ ಜಾಗದಲ್ಲಿ ಹೊಲಿಗೆ ನಿಲ್ಲುವುದಿಲ್ಲ. ನನ್ನ ಚೀಲದ ಮೈ, ಮುಚ್ಚಳ, ಜೇಬು ಎಲ್ಲ ಪಾಸಾದವು. ಐಲೆಟ್ ಸುತ್ತ ಮಾತ್ರ ಫೇಲು. ಅದಕ್ಕೆ ಕಾರಣ ಇದೆ. ಕಬ್ಬಿಣದ ತುಕ್ಕು ಬರೀ ಬಣ್ಣ ಅಲ್ಲ, ಹತ್ತಿಯ ಎಳೆಯನ್ನೇ ನಿಧಾನಕ್ಕೆ ತಿನ್ನುತ್ತದೆ.

ಹೊಲಿಗೆಯ ನೂಲು ಕೈಯಲ್ಲಿ ಎಳೆದರೆ ಕಿತ್ತುಬಂತು ಅಂತ ಬೇಜಾರು ಮಾಡಬೇಡಿ. ಹಳೇ ಚೀಲಗಳಲ್ಲಿ ಹತ್ತಿ ನೂಲು ಬಟ್ಟೆಗಿಂತ ಮೊದಲೇ ಸಾಯುತ್ತದೆ. ಅದು ತೆಳು, ಮೇಲೆ ಎದ್ದು ನಿಂತಿರುತ್ತದೆ, ಉಜ್ಜಾಟ ಎಲ್ಲ ಅದರದ್ದೇ. ಹೊಸ ನೂಲು ಹಾಕಿದರಾಯಿತು.

ಹೊಸ ಚೀಲ ಕೊಳ್ಳುವವರಿಗೂ ಇಲ್ಲೇ ನಾಲ್ಕು ಮಾತು ಹೇಳಿಬಿಡುತ್ತೇನೆ. ಕ್ಯಾನ್ವಾಸಿನ ದಪ್ಪವನ್ನು ಔನ್ಸ್‌ನಲ್ಲೋ ಜಿ.ಎಸ್.ಎಂ.ನಲ್ಲೋ ಹೇಳುತ್ತಾರೆ. ಜಿ.ಎಸ್.ಎಂ. ಅಂದರೆ ಚದರ ಮೀಟರಿಗೆ ಎಷ್ಟು ಗ್ರಾಂ ಅಂತ. ಚದರ ಗಜಕ್ಕೆ ಒಂದು ಔನ್ಸ್ ಅಂದರೆ ಚದರ ಮೀಟರಿಗೆ ಸುಮಾರು 34 ಗ್ರಾಂ. 10 ಔನ್ಸಿನ ಬಟ್ಟೆ ಸಂತೆ ಚೀಲಕ್ಕೆ ಸರಿ, ಬೆನ್ನಿಗೆ ಹಾಕುವ ಚೀಲಕ್ಕೆ ತೆಳು. 16ರಿಂದ 18 ಔನ್ಸ್, ಅಂದರೆ 540ರಿಂದ 610 ಜಿ.ಎಸ್.ಎಂ. ಇದ್ದರೆ ನಂಬಬಹುದು. ಕೆಲವರು ನಂಬರಿನಲ್ಲಿ ಹೇಳುತ್ತಾರೆ, ಅಲ್ಲಿ ಲೆಕ್ಕ ಉಲ್ಟಾ. ನಂಬರ್ 8 ಅಂದರೆ 18 ಔನ್ಸ್, ನಂಬರ್ 10 ಅಂದರೆ 15ಕ್ಕೆ ಸ್ವಲ್ಪ ಕಡಿಮೆ. ನಂಬರ್ ಸಣ್ಣದಾದಷ್ಟು ಬಟ್ಟೆ ದಪ್ಪ.

ನಮ್ಮ ಊರಿಗೆ ಆಗದ ಸಾಮಾನು ಒಂದಿದೆ, ಪಿ.ಯು. (ಪಾಲಿಯುರೆಥೇನ್ ಎಂಬ ಪ್ಲಾಸ್ಟಿಕ್) ಲೆದರ್ ಮತ್ತು ಒಳಗಡೆ ಬಳಿದ ಪಿ.ಯು. ಲೇಪ. ಅಂಗಡಿಯಲ್ಲಿ ಹೊಳೆಯುತ್ತದೆ, ಚರ್ಮದ ಬಣ್ಣವೇ ಇರುತ್ತದೆ. ಪಾಲಿಯುರೆಥೇನ್ ತೇವದ ಗಾಳಿಗೆ ತಾನಾಗಿಯೇ ಒಡೆಯುತ್ತದೆ, ಬಳಸದೆ ಕಪಾಟಿನಲ್ಲಿಟ್ಟರೂ. ಮೊದಲು ಅಂಟಂಟು, ಆಮೇಲೆ ಪುಡಿ, ಆಮೇಲೆ ಚೀಲದೊಳಗಿನ ಪುಸ್ತಕಕ್ಕೆಲ್ಲ ಕಪ್ಪು ಚೂರು. ಅದನ್ನು ರಿಪೇರಿ ಮಾಡಲು ಯಾರಿಂದಲೂ ಆಗುವುದಿಲ್ಲ. ಲೇಪವೇ ಇಲ್ಲದ ಸಾದಾ ಬಟ್ಟೆ ಇದಕ್ಕಿಂತ ಎಷ್ಟೋ ವಾಸಿ.

ಬಕಲ್ ನೋಡಲು ಫ್ರಿಜ್ಜಿನ ಬಾಗಿಲಿಗೆ ಅಂಟಿಸುವ ಅಯಸ್ಕಾಂತ ಒಂದು ಜೇಬಿನಲ್ಲಿಟ್ಟುಕೊಳ್ಳಿ. ಅಂಟಿದರೆ ಒಳಗೆ ಕಬ್ಬಿಣ, ಮೇಲೆ ಬರೀ ಹಳದಿ ಲೇಪ. ಅಂಟದಿದ್ದರೆ ಹಿತ್ತಾಳೆಯೇ ಅಂತ ಖುಷಿಪಡುವ ಹಾಗಿಲ್ಲ, ಸತುವಿನ ಮಿಶ್ರಲೋಹವೂ ಅಂಟುವುದಿಲ್ಲ, ಅದು ಒಂದು ದಿನ ಮುರಿದೇ ಹೋಗುತ್ತದೆ. ಬಕಲಿನ ಹಿಂಬದಿ ಉಗುರಿನಷ್ಟು ಜಾಗ ಗೀರಿ ನೋಡಿದರೆ ಒಳಗಿನ ಬಣ್ಣ ಗೊತ್ತಾಗುತ್ತದೆ. ಅಂಗಡಿಯವರು ಬಿಟ್ಟರೆ. ಹಳದಿಯೇ ಇದ್ದರೆ ಹಿತ್ತಾಳೆ. ಕೆಲವು ಚೀಲಗಳಲ್ಲಿ ಬಕಲ್ ಬರೀ ಶೋಕಿಗೆ, ಪಟ್ಟಿಯ ಅಡಿಯಲ್ಲಿ ಅಯಸ್ಕಾಂತದ ಗುಂಡಿ ಇರುತ್ತದೆ. ದಿನಾ ಬಸ್ಸಿನಲ್ಲಿ ಓಡಾಡುವವರಿಗೆ ಅದೇ ಸುಲಭ, ಅದರಲ್ಲಿ ತಪ್ಪೇನಿಲ್ಲ. ಆದರೆ ಮುಚ್ಚಳದ ತೂಕ ಗುಂಡಿಯ ಮೇಲೆ ಬೀಳದ ಹಾಗೆ ಹೊಲಿದಿದ್ದಾರಾ ನೋಡಿ.

ಎಲ್ಲಕ್ಕಿಂತ ಮುಖ್ಯ ಹೆಗಲಪಟ್ಟಿಯ ಬುಡ. ಚೀಲ ಸಾಯುವುದು ಅಲ್ಲೇ. ಪಟ್ಟಿಯನ್ನು ಒಂದೇ ಪದರ ಬಟ್ಟೆಗೆ ಹೊಲಿದಿದ್ದರೆ ಬಿಟ್ಟುಬಿಡಿ. ಒಳಗಡೆ ಇನ್ನೊಂದು ತುಂಡು ಬಟ್ಟೆಯೋ ಚರ್ಮವೋ ಕೊಟ್ಟು, ಚೌಕ ಹೊಲಿದು ಮಧ್ಯೆ ಅಡ್ಡಡ್ಡ ಗೀರು ಹೊಲಿಗೆ ಹಾಕಿರಬೇಕು. ಆಮೇಲೆ ಚೀಲವನ್ನು ಒಳಮಗ್ಗುಲು ತಿರುಗಿಸಿ, ಬಟ್ಟೆಯ ಅಂಚು ನೂಲು ಬಿಡುತ್ತಾ ನೇತಾಡುತ್ತಿದೆಯಾ, ಪಟ್ಟಿ ಕಟ್ಟಿ ಹೊಲಿದಿದ್ದಾರಾ ನೋಡಿ. ಒಳಗಡೆ ತಿರುಗಿಸಿ ತೋರಿಸಲು ಒಪ್ಪದ ಅಂಗಡಿಯಲ್ಲಿ ಚೀಲ ಕೊಳ್ಳಬೇಡಿ, ಅಷ್ಟೇ.

ತೂಕವೂ ಲೆಕ್ಕದಲ್ಲಿರಲಿ. ಇಂಥ ಚೀಲ ಖಾಲಿ ಇರುವಾಗಲೇ ಒಂದೂವರೆ ಎರಡು ಕಿಲೋ, ಸೊಂಟಪಟ್ಟಿ ಇಲ್ಲ, ಭಾರ ಎಲ್ಲ ಹೆಗಲಿಗೆ. ಏಳೆಂಟು ಕಿಲೋ ದಾಟಿದರೆ ಪೊಸಡಿಗುಂಪೆ ಗುಡ್ಡ ಹತ್ತುವಷ್ಟರಲ್ಲಿ ಪಟ್ಟಿ ಹೆಗಲು ಕೊರೆಯುತ್ತದೆ. ದೊಡ್ಡ ಟ್ರೆಕ್ಕಿಂಗಿಗೆ ನೈಲಾನ್ ಚೀಲವೇ ಸರಿ. ಭಾರದ ಈ ತಕರಾರು ಹಳೆಯದು. ನಾರ್ವೆಯ ಓಲೆ ಬೆರ್ಗಾನ್ 1909ರಲ್ಲಿ ಚೀಲಕ್ಕೆ ಚೌಕಟ್ಟು ಕೂರಿಸಿ ಪೇಟೆಂಟ್ ಮಾಡಿಸಿಕೊಂಡದ್ದು ಇದೇ ಕಾರಣಕ್ಕೆ, ಬ್ರಿಟಿಷ್ ಸೈನಿಕರು ಇವತ್ತಿಗೂ ದೊಡ್ಡ ಚೀಲಕ್ಕೆ ಬರ್ಗನ್ ಅಂತಲೇ ಹೇಳುವುದು. ಬಕಲ್ ಹಾಕುವ ಮುಚ್ಚಳದ ಚೀಲ ಇನ್ನೂ ಹಿಂದಿನದು, ಅಮೆರಿಕದ ಡುಲುತ್‌ನಲ್ಲಿ ಕಮೀಲ್ ಪೊಯ್ರಿಯೆ ಎಂಬವರು 1882ರಲ್ಲಿ ಪೇಟೆಂಟ್ ಪಡೆದದ್ದು. ಅದರಲ್ಲಿ ಹೆಗಲಪಟ್ಟಿಯ ಜೊತೆ ತಲೆಗೆ ಹಾಕುವ ಪಟ್ಟಿಯೂ, ಕೊಡೆ ಇಡಲು ಜಾಗವೂ ಇತ್ತಂತೆ. ಕೊಡೆಗೆ ಜಾಗ ಇರುವ ಇಂಥ ಚೀಲ ಈಗ ನನ್ನ ಕಣ್ಣಿಗೆ ಬಿದ್ದದ್ದಿಲ್ಲ, ನಮ್ಮಂಥವರಿಗೆ ಅದೇ ಬೇಕಿತ್ತು ಅಲ್ವಾ?

ಬಿಚ್ಚಿದ್ದು, ತೊಳೆದದ್ದು

ಕೆಲಸ ಶುರು ಮಾಡಿದ್ದು ಮಕರ ತಿಂಗಳ (ಜನವರಿ-ಫೆಬ್ರವರಿ) ಬಿಸಿಲಿಗೆ. ಈ ಕೆಲಸವನ್ನು ಮೇ ತಿಂಗಳ ಕೊನೆಗೆ ಬರುವ ಪತ್ತನಾಜೆಗೆ ಮೊದಲು ಮುಗಿಸಬೇಕು. ಆಮೇಲೆ ಮಳೆ ಹಿಡಿದರೆ ದಪ್ಪ ಕ್ಯಾನ್ವಾಸ್ ಒಣಗುವುದೇ ಇಲ್ಲ.

ಮೊದಲು ಚರ್ಮ, ಬಕಲ್, ಐಲೆಟ್ ಎಲ್ಲ ತೆಗೆದೆ. ಚರ್ಮ ಸಮೇತ ತೊಳೆದರೆ ಚರ್ಮದ ಕಂದು ಬಣ್ಣ ಬಟ್ಟೆಗೆ ಇಳಿಯುತ್ತದೆ, ಕಬ್ಬಿಣ ಇದ್ದರೆ ತುಕ್ಕೂ ಹರಡುತ್ತದೆ. ರಿವೆಟಿನ ತಲೆಯನ್ನು ಅರದಿಂದ ಉಜ್ಜಿ ತೆಳು ಮಾಡಿ ಮೊಳೆಯಿಂದ ತಟ್ಟಿದರೆ ಹೊರಗೆ ಬರುತ್ತದೆ. ಇಕ್ಕಳ ಹಾಕಿ ಜಗ್ಗಿದರೆ ಬಟ್ಟೆ ಲಗಾಡಿ.

ಒಣ ಬೂಸರನ್ನು ಮನೆಯೊಳಗೆ ಕೊಡವಬಾರದು. ಅಂಗಳದ ತುದಿಗೆ ಹೋಗಿ, ಮೂಗಿಗೆ ಬೈರಾಸು ಕಟ್ಟಿ, ಗಾಳಿಗೆ ಬೆನ್ನು ಹಾಕಿ, ಗಟ್ಟಿ ಬ್ರಶ್ಶಿನಿಂದ ಒಳಗೂ ಹೊರಗೂ ಉಜ್ಜಿದೆ. ಹೊಲಿಗೆಯ ಮಡಿಕೆಯೊಳಗೆ ಇರುವುದು ಹೋಗಲು ಹಲ್ಲುಜ್ಜುವ ಹಳೇ ಬ್ರಶ್ಶೇ ಬೇಕು. ಆಮೇಲೆ ವಿನೆಗರ್ ಒಂದು ಪಾಲು, ನೀರು ಒಂದು ಪಾಲು ಸೇರಿಸಿ ಬಟ್ಟೆಯಲ್ಲಿ ಅದ್ದಿ ಕಪ್ಪು ಜಾಗಕ್ಕೆಲ್ಲ ಒತ್ತಿ, ಸ್ವಲ್ಪ ಹೊತ್ತು ಬಿಟ್ಟೆ. ಬ್ಲೀಚಿಂಗ್ ಪೌಡರ್ ಹಾಕು ಅಂತ ಸಲಹೆ ಕೊಡುವವರು ಇರುತ್ತಾರೆ. ಬೇಡ. ಕಲೆ ಹೋಗುತ್ತದೆ, ಜೊತೆಗೆ ಬಣ್ಣವೂ, ನೂಲಿನ ಬಲವೂ ಹೋಗುತ್ತದೆ.

ತೊಳೆಯಲು ಅಂಟುವಾಳ. ಕಾಯಿ ಒಡೆದು ಬೀಜ ತೆಗೆದು, ಸಿಪ್ಪೆಯನ್ನು ಬಿಸಿನೀರಿನಲ್ಲಿ ನೆನೆಹಾಕಿ ಕಿವುಚಿ, ನೊರೆ ನೀರನ್ನು ಸೋಸಿ ಬಾಲ್ದಿಯಲ್ಲಿ ಚೀಲ ಮುಳುಗಿಸಿದೆ. ಸೀರೆಗೆ ಬಳಸುವ ಅದೇ ಅಂಟುವಾಳ. ಡಿಟರ್ಜೆಂಟಿನ ಹಾಗೆ ಬಣ್ಣ ತೆಗೆಯುವುದಿಲ್ಲ. ಇನ್ನೊಂದು ಮುಖ್ಯ ಕಾರಣ, ಡಿಟರ್ಜೆಂಟ್ ಸ್ವಲ್ಪ ಉಳಿದರೂ ಬಟ್ಟೆ ನೀರನ್ನು ಜಾಸ್ತಿ ಎಳೆದುಕೊಳ್ಳುತ್ತದೆ, ಮೇಣವೂ ಸರಿಯಾಗಿ ಕೂರುವುದಿಲ್ಲ. ಅಂಟುವಾಳದ್ದೂ ನೊರೆಯೇ, ಅದನ್ನೂ ಪೂರ್ತಿ ತೆಗೆಯಬೇಕು. ನೊರೆ ನಿಲ್ಲುವ ತನಕ ಹಿಂಡದೆ ಬರೀ ಅದ್ದಿ ಅದ್ದಿ ಎತ್ತಿದೆ. ನಮ್ಮದು ಗುಡ್ಡಕ್ಕೆ ಅಡ್ಡವಾಗಿ ಕೊರೆದ ಸುರಂಗದಿಂದ ಹರಿದು ಬರುವ ನೀರು, ಅದರ ಬಗ್ಗೆ ಚಿಂತೆ ಇರಲಿಲ್ಲ. ಕೊಳವೆ ಬಾವಿಯ ನೀರು ಬಾಲ್ದಿಯಲ್ಲಿ ಕೆಂಪು ಕಲೆ ಬಿಡುತ್ತಿದ್ದರೆ ಅದರಲ್ಲಿ ತೊಳೆಯಬೇಡಿ, ಕಬ್ಬಿಣದಂಶ ಬಟ್ಟೆಗೂ ಕೂರುತ್ತದೆ.

ಒಣಗಿಸಿದ್ದು ತಲೆಕೆಳಗಾಗಿ, ಒಳಮಗ್ಗುಲು ಹೊರಗೆ ಮಾಡಿ. ಮೊದಲು ಗಾಳಿ ಆಡುವ ನೆರಳಲ್ಲಿ, ಕೊನೆಗೆ ಮಾತ್ರ ಬಿಸಿಲಿಗೆ. ಬಿಸಿಲು ಬೂಸರಿಗೆ ಒಳ್ಳೆಯ ಮದ್ದು, ಆದರೆ ದಿನಗಟ್ಟಲೆ ಬಿಟ್ಟರೆ ಬಣ್ಣವನ್ನೂ ನೂಲನ್ನೂ ಸುಡುತ್ತದೆ. ಅಡಕೆ ಒಣಗಿಸುವ ಸೋಲಾರ್ ಮನೆ ಇದ್ದವರಿಗೆ ಅದರೊಳಗೆ ನೇತುಹಾಕುವ ಆಸೆ ಬರುತ್ತದೆ. ಅಡಕೆಯ ತೇವ ಎಲ್ಲ ಅಲ್ಲೇ ಸುತ್ತುತ್ತಿರುತ್ತದೆ, ಹೊರಗಿನ ಗಾಳಿಯೇ ಉತ್ತಮ.

ಕಪ್ಪು ಚುಕ್ಕಿ ಪೂರ್ತಿ ಹೋಗಲಿಲ್ಲ. ಹೋಗುವುದೂ ಇಲ್ಲ. ವಾಸನೆ ಹೋದರೆ ಸಾಕು. ಉಳಿದ ವಾಸನೆಗೆ ಗೆರಟೆಯ (ತೆಂಗಿನ ಚಿಪ್ಪಿನ) ಇದ್ದಲನ್ನು ತೆಳು ಬಟ್ಟೆಯಲ್ಲಿ ಕಟ್ಟಿ ಒಳಗಿಟ್ಟೆ. ನೀರು ಶುದ್ಧ ಮಾಡುವ ಕಾರ್ಬನ್ನನ್ನೂ ಗೆರಟೆಯಿಂದಲೇ ಮಾಡುತ್ತಾರೆ. ನುಸಿಗುಳಿಗೆ ಹಾಕಿದರೆ ಬೂಸರು ಬರುವುದಿಲ್ಲ ಅನ್ನುವುದು ಸುಮ್ನೆ, ಅದು ಹುಳಕ್ಕೆ ಮಾತ್ರ.

ತೇಪೆ

ಕಾಸರಗೋಡು ಪೇಟೆಯ ಟಾರ್ಪಾಲು ಅಂಗಡಿಯಲ್ಲಿ ಕ್ಯಾನ್ವಾಸ್ ಸಿಗುತ್ತದೆ. ಲಾರಿಗೆ ಹಾಕುವ ಮೇಣದ ಕ್ಯಾನ್ವಾಸ್ ಕೊಡಲು ಬಂದರು. ಅದು ಗಟ್ಟಿ ಹೌದು, ಆದರೆ ವಾಸನೆ, ಜಿಡ್ಡು ಅಂಗಿಗೆಲ್ಲ ಹಿಡಿಯುತ್ತದೆ, ಮೆಷಿನ್ ಸೂಜಿಗೂ ಅಂಟುತ್ತದೆ. ಮೇಣ ಇಲ್ಲದ್ದೇ ತಂದೆ. ಹಳೇ ಜೀನ್ಸ್ ತುಂಡು ಹಾಕುವವರಿದ್ದಾರೆ. ಜೀನ್ಸಿನ ನೇಯ್ಗೆ ಓರೆ, ಕ್ಯಾನ್ವಾಸಿನದ್ದು ನೇರ, ಎರಡೂ ಬೇರೆ ಬೇರೆ ರೀತಿ ಎಳೆಯುವುದರಿಂದ ತೇಪೆಯ ಅಂಚಿನಲ್ಲಿ ಸುಕ್ಕು ಬರುತ್ತದೆ.

ಹೊಸ ಬಟ್ಟೆಯನ್ನು ಕತ್ತರಿಸುವ ಮೊದಲು ಬಿಸಿನೀರಿನಲ್ಲಿ ನೆನೆಸಿ ಒಣಗಿಸಬೇಕು. ಸಾದಾ ಕ್ಯಾನ್ವಾಸ್ ಮೊದಲ ನೀರಿಗೆ ನೂರಕ್ಕೆ ಎಂಟು ಹತ್ತರಷ್ಟು ಕುಗ್ಗಬಹುದು, ಹಳೇ ಚೀಲ ಕುಗ್ಗುವುದನ್ನೆಲ್ಲ ಕುಗ್ಗಿ ಮುಗಿಸಿದೆ. ಹಾಗೇ ಹೊಲಿದರೆ ಮೊದಲ ಮಳೆಗೆ ತೇಪೆ ಬಿಗಿದುಕೊಂಡು ಹಳೇ ಬಟ್ಟೆಯನ್ನು ಹರಿಯುತ್ತದೆ.

ತೂತು ಒಂದು ಮೂಲೆಯಲ್ಲಿ ಮಾತ್ರ ಇದ್ದರೂ ಅಡಿಗೆ ಪೂರ್ತಿ ಎರಡನೇ ಪದರ ಹೊರಗಿನಿಂದ ಕೊಟ್ಟೆ, ಎರಡು ಇಂಚು ಮೇಲಕ್ಕೆ ಮಡಚಿ. ಒಂದು ಮೂಲೆ ಸವೆದಿದ್ದರೆ ಇನ್ನೊಂದು ಅದರ ಹಿಂದೆಯೇ ಬರುತ್ತದೆ. ನೆಲಕ್ಕೆ ಇಡುವುದು, ಬಸ್ಸಿನ ಅಡಿಯಲ್ಲಿ ಉಜ್ಜುವುದು, ಒದ್ದೆ ಜಗಲಿಯ ನೀರು ಎಳೆಯುವುದು ಎಲ್ಲ ಅಡಿಯೇ. ಹೊಸ ಪದರದ ನೂಲಿನ ದಿಕ್ಕನ್ನು ಹಳೇ ಬಟ್ಟೆಯ ನೂಲಿನ ದಿಕ್ಕಿಗೇ ಹೊಂದಿಸಿದೆ. ಅಂಚನ್ನು ಅರ್ಧ ಇಂಚು ಒಳಗೆ ಮಡಚಿ, ಮೂಲೆಗಳನ್ನು ಚೂಪು ಬಿಡದೆ ದುಂಡಗೆ ಮಾಡಿ, ಎರಡು ಸಾಲು ಹೊಲಿಗೆ. ಚೂಪು ಮೂಲೆಯ ತೇಪೆ ಅಲ್ಲಿಂದಲೇ ಏಳಲು ಶುರುವಾಗುತ್ತದೆ.

ಹೊಲಿದದ್ದು ಅಮ್ಮನ ಹಳೇ ಕಾಲುಮೆಣೆ ಮೆಷಿನಿನಲ್ಲಿ. ಕಪ್ಪು ಬೀಡುಕಬ್ಬಿಣದ ಹಳೇ ಮೆಷಿನುಗಳು ಕ್ಯಾನ್ವಾಸಿಗೆ ಹೆದರುವುದಿಲ್ಲ, ಹೊಸ ಪ್ಲಾಸ್ಟಿಕ್ ಮೆಷಿನುಗಳು ಹೆದರುತ್ತವೆ. 18 ನಂಬರ್ ಸೂಜಿ ಹಾಕಿದೆ, ಮೂರು ನಾಲ್ಕು ಪದರ ಸೇರುವ ಜಾಗದಲ್ಲಿ ಮೆಣೆಯಿಂದ ಕಾಲು ತೆಗೆದು ಚಕ್ರವನ್ನು ಕೈಯಿಂದಲೇ ತಿರುಗಿಸಿದೆ. ಹೊಲಿಗೆ ಇಂಚಿಗೆ ಆರರಿಂದ ಎಂಟು. ಗಟ್ಟಿಯಾಗಲಿ ಅಂತ ಒತ್ತೊತ್ತಾಗಿ ಹೊಲಿಯಬಾರದು, ಸಾಲಾಗಿ ತೂತು ಬಿದ್ದು ಬಟ್ಟೆ ಅಲ್ಲಿಂದಲೇ ಹರಿಯುತ್ತದೆ.

ನೂಲಿನ ಬಗ್ಗೆ ಸ್ವಲ್ಪ ಜಾಸ್ತಿ ಹೇಳಬೇಕು, ಯಾಕೆಂದರೆ ಎಲ್ಲರೂ ಬಟ್ಟೆಯ ಬಗ್ಗೆ ಮಾತಾಡುತ್ತಾರೆ, ನೂಲಿನ ಬಗ್ಗೆ ಯಾರೂ ಕೇಳುವುದಿಲ್ಲ. ಹತ್ತಿ ನೂಲಿಗೆ ಒಂದು ಒಳ್ಳೆಯ ಗುಣ ಇದೆ, ನೆನೆದಾಗ ಉಬ್ಬಿ ಸೂಜಿಯ ತೂತನ್ನು ತಾನೇ ಮುಚ್ಚುತ್ತದೆ. ಆದರೆ ನಮ್ಮ ತೇವಕ್ಕೆ ಕೊಳೆಯುತ್ತದೆ. ನೈಲಾನ್ ಬಲಶಾಲಿ, ಆದರೆ ಎಳೆದರೆ ಹಿಗ್ಗುತ್ತದೆ, ಬಿಸಿಲಿಗೆ ಬಲ ಕಳೆದುಕೊಳ್ಳುತ್ತದೆ. ಕುಂಬಳೆ, ಮಂಜೇಶ್ವರ ಕಡೆ ಮೀನಿನ ಬಲೆಯ ನೈಲಾನ್ ದಾರ ಸುಲಭವಾಗಿ ಸಿಗುತ್ತದೆ ಅಂತ ಅದರಲ್ಲಿ ಹೊಲಿದ ಚೀಲ ನೋಡಿದ್ದೇನೆ, ಜಾರುವ ದಾರ, ಗಂಟು ನಿಲ್ಲುವುದಿಲ್ಲ. ಒಳಗೆ ಪಾಲಿಯೆಸ್ಟರ್, ಹೊರಗೆ ಹತ್ತಿ ಸುತ್ತಿದ ನೂಲು ಸಿಕ್ಕಿದರೆ ಅದೇ ಶ್ರೇಷ್ಠ. ನನಗೆ ಸಿಕ್ಕಿದ್ದು ಸೋಫಾ ಹೊಲಿಯುವ ದಪ್ಪ ಪಾಲಿಯೆಸ್ಟರ್, ಅದಕ್ಕೆ ಜೇನುಮೇಣ ಉಜ್ಜಿ ಕೈಹೊಲಿಗೆಗೆ ಬಳಸಿದೆ.

ಐಲೆಟ್ ಇದ್ದ ತುಕ್ಕಿನ ಬಟ್ಟೆಯನ್ನು ಪೂರ್ತಿ ಕತ್ತರಿಸಿ ತೆಗೆದೆ. ಬಾಯಿಯ ಸುತ್ತ ಎರಡಿಂಚು ಅಗಲದ ಹೊಸ ಪಟ್ಟಿ ಮಡಚಿ ಹೊಲಿದು, ಅದರ ಮೇಲೆ ಹಿತ್ತಾಳೆಯ ಐಲೆಟ್ ಬಡಿದದ್ದು. ಹಿಂದಿನಿಂದ ವಾಷರ್ ಇರುವ ಐಲೆಟ್ಟೇ ಬೇಕು. ಟಾರ್ಪಾಲಿಗೆ ಐಲೆಟ್ ಹೊಡೆಯುವವರೇ ಹೊಡೆದುಕೊಟ್ಟರು, ಅಚ್ಚು ಅವರಲ್ಲಿ ಇತ್ತು.

ಪಟ್ಟಿ, ಬಕಲ್, ಚರ್ಮ

ಹೆಗಲಪಟ್ಟಿಯ ಬುಡ ಮೆಷಿನಿಗೆ ಆಗುವ ಕೆಲಸ ಅಲ್ಲ. ಎರಡು ಪದರ ಕ್ಯಾನ್ವಾಸ್, ದಪ್ಪ ಹತ್ತಿ ಪಟ್ಟಿ, ಅದರ ಮೇಲೆ ಚರ್ಮ. ಕುಂಬಳೆಯಲ್ಲಿ ಚಪ್ಪಲಿ ಹೊಲಿಯುವ ಒಬ್ಬರ ಹತ್ತಿರ ಹೋದೆ. ಅವರು ತುಳು, ಮಲಯಾಳಂ, ಕನ್ನಡ ಮೂರನ್ನೂ ಒಂದೇ ವಾಕ್ಯದಲ್ಲಿ ಹೇಳುವವರು. ಕನ್ನಡಕ ಹಾಕಿದ ಗಂಡಸರೆಲ್ಲ ಅವರಿಗೆ ಮಾಷ್, ಅಂದರೆ ಮೇಷ್ಟ್ರು.

"ಇದಕ್ಕೆ ಮೆಷಿನ್ ಹೊಲಿಗೆ ಹಾಕಿದ್ರೆ ಒಂದು ನೂಲು ಹೋದ್ರೆ ಎಲ್ಲ ಹೋಯ್ತು ಮಾಷೇ. ಎರಡು ಸೂಜಿದ್ದೇ ಆಗ್ಬೇಕು."

"ನಾನು ಹಾಕ್ತೇನೆ ಅಣ್ಣಾ, ನೀವು ತೂತು ಮಾತ್ರ ಮಾಡಿಕೊಡಿ."

"ತೂತು ಮಾಡಿದವ ಹೊಲಿಯುವುದಿಲ್ವಾ? ಬಿಡಿ ಇಲ್ಲಿ."

ಒಂದು ಬದಿ ಅವರೇ ಹೊಲಿದರು, ಇನ್ನೊಂದನ್ನು ನೋಡಿಕೊಂಡು ನಾನು ಹೊಲಿದೆ. ವಿಷಯ ಇಷ್ಟೇ. ಒಂದೇ ದಾರ, ಎರಡು ತುದಿಗೆ ಎರಡು ಸೂಜಿ. ದಬ್ಬಣದಿಂದ ಮೊದಲೇ ತೂತು ಮಾಡಿ, ಪ್ರತಿ ತೂತಿನಲ್ಲೂ ಎರಡೂ ಸೂಜಿ ಎದುರುಬದುರಾಗಿ ಹಾಯಿಸಿ ಎರಡೂ ಕೈಯಿಂದ ಸಮನಾಗಿ ಎಳೆಯುವುದು. ಮೆಷಿನ್ ಹೊಲಿಗೆಯಲ್ಲಿ ಮೇಲಿನ ನೂಲು, ಕೆಳಗಿನ ನೂಲು ಬೇರೆ ಬೇರೆ, ಒಂದಕ್ಕೊಂದು ಕೊಕ್ಕೆ ಹಾಕಿ ನಿಂತಿರುತ್ತವೆ, ಒಂದು ಕಡೆ ಕಿತ್ತರೆ ಸಾಲೇ ಸಡಿಲ. ಇದರಲ್ಲಿ ಒಂದು ಹೊಲಿಗೆ ಕಡಿದರೂ ಪಕ್ಕದ್ದು ಹಿಡಿದಿರುತ್ತದೆ. ಹೊಲಿಯುವ ಉದ್ದದ ನಾಲ್ಕು ಪಟ್ಟು ದಾರ ತೆಗೆದುಕೊಂಡರೆ ಮಧ್ಯೆ ಗಂಟು ಹಾಕಬೇಕಾಗುವುದಿಲ್ಲ. ಕೊನೆಯಲ್ಲಿ ಎರಡು ಮೂರು ಹೊಲಿಗೆ ಹಿಂದಕ್ಕೆ ಬಂದು ದಾರ ಕತ್ತರಿಸಿದರೆ ಸಾಕು.

ಮುಚ್ಚಳದ ಬಿರುಕು ಪಟ್ಟಿಯನ್ನು ಎಣ್ಣೆ ಹಾಕಿ ಉಳಿಸಲು ಹೋಗಲಿಲ್ಲ. ಚರ್ಮ ಒಣಗಿದ್ದರೆ ಎಣ್ಣೆ ಕೆಲಸ ಮಾಡುತ್ತದೆ, ಉಜ್ಜಿದಾಗ ಕೆಂಪು ಪುಡಿ ಉದುರುತ್ತಿದ್ದರೆ ಅದು ಸತ್ತ ಚರ್ಮ. ಬೆಲ್ಟ್ ಮಾಡುವ ಪಟ್ಟಿಯಲ್ಲಿ ಒಂದು ಇಂಚು ಅಗಲ, ಮೂರು ಮಿಲಿಮೀಟರ್ ದಪ್ಪದ್ದು ತೆಗೆದುಕೊಂಡೆ. ಚರ್ಮದ ಕತ್ತರಿಸಿದ ಅಂಚು ನೋಡಿ ಆರಿಸಬೇಕು. ಒಳಗಿನ ತನಕ ಕಂದು ಇದ್ದರೆ ಸಾಮಾನ್ಯವಾಗಿ ಮರದ ತೊಗಟೆಯಿಂದ ಹದ ಮಾಡಿದ್ದು, ಮಧ್ಯೆ ನೀಲಿ ಬೂದು ಗೆರೆ ಕಂಡರೆ ಕ್ರೋಮಿನದ್ದು, ಅಂದರೆ ಕ್ರೋಮಿಯಂ ಲವಣದಿಂದ ಹದ ಮಾಡಿದ್ದು. ಕ್ರೋಮಿನದ್ದು ನೀರಿಗೆ ಚೆನ್ನಾಗಿ ತಡೆಯುತ್ತದೆ, ಆದರೆ ಬಕಲಿನ ಪಟ್ಟಿಯಾದರೆ ಎಳೆದೆಳೆದು ಉದ್ದವಾಗುತ್ತದೆ. ನನಗೆ ತೊಗಟೆಯದ್ದೇ ಇಷ್ಟ.

ಬಕಲ್ ಹಸಿರುಗಟ್ಟಿತ್ತು. ಬಿಂಬುಳಿ ಕಾಯಿ ಕೊಯ್ದು ಉಜ್ಜಿದರೆ ಹಿತ್ತಾಳೆ ಹೊಳೆಯುತ್ತದೆ, ಹುಣಸೆಹುಳಿಯೂ ಆಗುತ್ತದೆ. ದೀಪ ತಿಕ್ಕುವ ಪ್ರತಿ ಮನೆಯಲ್ಲೂ ಗೊತ್ತಿರುವ ವಿದ್ಯೆ. ಆದರೆ ಇದನ್ನು ಬಕಲ್ ಚೀಲಕ್ಕೆ ಹೊಲಿಯುವ ಮೊದಲೇ ಮಾಡಿ, ಚೆನ್ನಾಗಿ ತೊಳೆದು ಒರೆಸಬೇಕು. ಚೀಲದ ಮೇಲೇ ಉಜ್ಜಿದರೆ ಹುಳಿ ನೂಲಿಗೆ, ಚರ್ಮಕ್ಕೆ ಇಳಿದು ಅಲ್ಲೇ ಕೂರುತ್ತದೆ.

ಚರ್ಮಕ್ಕೆ ಏನು ಹಚ್ಚಬೇಕು ಅಂತ ನಮ್ಮ ಊರಲ್ಲಿ ಯಾರನ್ನು ಕೇಳಿದರೂ ಉತ್ತರ ಒಂದೇ, ತೆಂಗಿನೆಣ್ಣೆ. ತಲೆಗೂ ಅದೇ, ಬಾಗಿಲ ತಿರುಗಣಿಗೂ ಅದೇ. ತೆಳುವಾಗಿ ಒಮ್ಮೆ ಹಚ್ಚಿದರೆ ಹಾಳೇನೂ ಆಗುವುದಿಲ್ಲ. ಆದರೆ ಅದು ಬೇಗ ಒಳಗಿಳಿಯುತ್ತದೆ, ಜನ ಮತ್ತೆ ಮತ್ತೆ ಹಚ್ಚುತ್ತಾರೆ, ಚರ್ಮ ಮೆತ್ತಗಾಗಿ ಹಿಗ್ಗುತ್ತದೆ, ಎಣ್ಣೆ ಪಕ್ಕದ ಬಟ್ಟೆಗೂ ಹರಿಯುತ್ತದೆ, ಮಳೆಗಾಲದಲ್ಲಿ ಆ ಜಿಡ್ಡಿನ ಮೇಲೆಯೇ ಬೂಸರು. ನಾನು ಹರಳೆಣ್ಣೆ ಮೂರು ಪಾಲು, ಜೇನುಮೇಣ ಒಂದು ಪಾಲು ಕರಗಿಸಿ ಮುಲಾಮು ಮಾಡಿಟ್ಟಿದ್ದೇನೆ. ಬೆರಳ ತುದಿಯಷ್ಟು ತೆಗೆದು ಉಜ್ಜಿ, ರಾತ್ರಿ ಬಿಟ್ಟು, ಬೆಳಿಗ್ಗೆ ಒಣ ಬಟ್ಟೆಯಲ್ಲಿ ತಿಕ್ಕಿದರೆ ಮುಗಿಯಿತು. ವರ್ಷಕ್ಕೆ ಒಮ್ಮೆ ಎರಡು ಬಾರಿ ಧಾರಾಳ.

ಮೇಣ

ಮೇಣ ಹಚ್ಚಲೇಬೇಕು ಅಂತ ಏನಿಲ್ಲ. ಒತ್ತಾಗಿ ನೇಯ್ದ ಕ್ಯಾನ್ವಾಸ್ ನೆನೆದಾಗ ಹತ್ತಿಯ ಎಳೆಗಳು ಉಬ್ಬಿ ಸಂದು ಮುಚ್ಚಿಕೊಳ್ಳುತ್ತವೆ, ಸಣ್ಣ ಮಳೆಯನ್ನು ಸಾದಾ ಬಟ್ಟೆಯೇ ತಡೆಯುತ್ತದೆ. ಹತ್ತಿ ನೆನೆದಾಗ ಒಣಗಿದ್ದಕ್ಕಿಂತ ಗಟ್ಟಿ ಕೂಡ. ಆದರೆ ಅಷ್ಟು ನೀರು ಕುಡಿದ ಚೀಲ ನಮ್ಮಲ್ಲಿ ಒಣಗುವುದು ಯಾವಾಗ? ನಾನು ಮೇಣ ಹಾಕಿದ್ದು ನೀರು ಒಳಗೆ ಬರದಿರಲಿ ಅಂತ ಅಲ್ಲ, ಬಟ್ಟೆ ನೀರು ಕುಡಿಯದಿರಲಿ ಅಂತ.

ಪ್ಯಾರಾಫಿನ್ ಎರಡು ಪಾಲು, ಜೇನುಮೇಣ ಒಂದು ಪಾಲು. ಬಿಳಿ ಮೇಣದ ಬತ್ತಿ ಅಂದರೆ ಹೆಚ್ಚಾಗಿ ಪ್ಯಾರಾಫಿನ್ನೇ. ಜೇನುಮೇಣ ತುಡುವೆ ಜೇನು ಸಾಕುವವರ ಹತ್ತಿರ ಸಿಗುತ್ತದೆ, ಸೋಸಿದ್ದು ಕೇಳಿ. ಬರೀ ಪ್ಯಾರಾಫಿನ್ ಹಚ್ಚಿದರೆ ಬಟ್ಟೆ ಮಡಚಿದಲ್ಲಿ ಬಿಳಿ ಬಿರುಕು, ಬರೀ ಜೇನುಮೇಣವಾದರೆ ಏಪ್ರಿಲ್ ಬಿಸಿಲಿಗೆ ಅಂಟಂಟು. ಇಡೀ ಚೀಲದ ಹೊರಮೈಗೆ 150 ಗ್ರಾಂ ಸಾಕಾಯಿತು. ಜೇನುಮೇಣ ಕರಗುವುದು 62ರಿಂದ 64 ಡಿಗ್ರಿಯಲ್ಲಿ, ಹಾಗಾಗಿ ಬಿಸಿನೀರಿನ ಪಾತ್ರೆಯೊಳಗೆ ಇನ್ನೊಂದು ಪಾತ್ರೆ ಇಟ್ಟು ಕರಗಿಸಿದರೆ ಧಾರಾಳ ಆಯಿತು. ನೇರ ಬೆಂಕಿಯ ಮೇಲೆ ಮೇಣ ಇಡಲೇಬೇಡಿ, ಹೊತ್ತಿಕೊಂಡರೆ ನೀರು ಹಾಕಿ ಆರಿಸಲೂ ಆಗುವುದಿಲ್ಲ. ಕರಗಿದ ಮೇಣವನ್ನು ಸಣ್ಣ ಬಟ್ಟಲಿಗೆ ಹೊಯ್ದು ಅಚ್ಚು ಮಾಡಿದೆ. ಆ ಗಟ್ಟಿಯನ್ನು ಬಟ್ಟೆಗೆ ಸೀಮೆಸುಣ್ಣ ಗೀಚಿದಂತೆ ಉಜ್ಜಿ, ಹೇರ್ ಡ್ರೈಯರ್ ಬಿಸಿಗಾಳಿ ಬಿಟ್ಟರೆ ಮೇಣ ಒಳಗಿಳಿದು ಬಟ್ಟೆ ಕಪ್ಪಾಗುತ್ತದೆ. ಬ್ರಶ್ಶಿನಿಂದ ಬಿಸಿ ಮೇಣ ಬಳಿಯುವುದು ಬೇಗ ಆಗುತ್ತದೆ, ಆದರೆ ಒಂದು ಕಡೆ ದಪ್ಪ, ಒಂದು ಕಡೆ ತೆಳು.

ಬೆನ್ನಿಗೆ ತಾಗುವ ಬದಿಗೆ, ಹೆಗಲಪಟ್ಟಿಗೆ, ಒಳಗಡೆಗೆ ಮೇಣ ಹಾಕಲಿಲ್ಲ. ಹಾಕಿದರೆ ಅಂಗಿಗೆ ಕಲೆ, ಬೆವರು ಹೋಗಲು ದಾರಿ ಇಲ್ಲ. ಬಟ್ಟೆ ಚೂರು ಹಸಿ ಇದ್ದರೂ, ಬೂಸರು ಉಳಿದಿದ್ದರೂ ಮೇಣ ಹಚ್ಚಬಾರದು, ತೇವವನ್ನು ಒಳಗೇ ಕೂಡಿಹಾಕಿದ ಹಾಗಾಗುತ್ತದೆ. ಬಡಗಿಗಳು ಬಳಸುವ ಲಿನ್‌ಸೀಡ್ ಎಣ್ಣೆ ಸೇರಿಸಿ ಅನ್ನುವ ಸಲಹೆಯೂ ಇದೆ. ಅದು ಹಳದಿಯಾಗಿ ಗಟ್ಟಿಯಾಗುತ್ತದೆ, ಅದಕ್ಕಿಂತ ಮುಖ್ಯ, ಆ ಎಣ್ಣೆ ಒರೆಸಿದ ಬಟ್ಟೆಯನ್ನು ಮುದ್ದೆ ಮಾಡಿಟ್ಟರೆ ತಾನೇ ಬಿಸಿಯಾಗಿ ಬೆಂಕಿ ಹತ್ತಬಹುದು. ಚೀಲಕ್ಕಾಗಿ ಕೊಟ್ಟಿಗೆ ಸುಡುವುದು ಬೇಡ.

ಮೇಣ ಹಚ್ಚಿದ ಮೇಲೆ ಸಾಬೂನು, ಬಿಸಿನೀರು, ವಾಷಿಂಗ್ ಮೆಷಿನ್ ಮೂರೂ ಇಲ್ಲ. ಕೆಸರು ಒಣಗಿದ ಮೇಲೆ ಬ್ರಶ್ಶು, ಹೋಗದಿದ್ದರೆ ತಣ್ಣೀರು ಬಟ್ಟೆ. ಮುಂದಿನ ವರ್ಷ ಪತ್ತನಾಜೆಯ ಹೊತ್ತಿಗೆ ಮುಚ್ಚಳ, ಮೂಲೆ, ಅಡಿ ಇಷ್ಟಕ್ಕೆ ಮತ್ತೊಮ್ಮೆ ಉಜ್ಜಿದರೆ ಸಾಕು.

ಮಳೆಗಾಲದಲ್ಲಿ

ವರ್ಷಕ್ಕೆ 3000 ಮಿಲಿಮೀಟರ್ ದಾಟಿ ಮಳೆ ಸುರಿಯುವ ಜಿಲ್ಲೆ ಇದು. ಜೂನಿನ ಜಡಿಮಳೆಯಲ್ಲಿ ಬೈಕಿನಲ್ಲಿ ಬದಿಯಡ್ಕದಿಂದ ಕಾಸರಗೋಡಿಗೆ ಹೋದರೆ ಮೇಣದ ಚೀಲಕ್ಕೂ ಹೊಲಿಗೆಯ ಸಾಲಿನಿಂದ ನೀರು ಇಳಿಯುತ್ತದೆ, ಇಳಿದಿದೆ. ಒಳಗೆ ದಪ್ಪ ಪ್ಲಾಸ್ಟಿಕ್ ಚೀಲ ಇಟ್ಟು ಲ್ಯಾಪ್‌ಟಾಪ್, ಕಾಗದ ಎಲ್ಲ ಅದರೊಳಗೆ. ಮನೆಗೆ ಬಂದ ಕೂಡಲೇ ಪ್ಲಾಸ್ಟಿಕ್ ಹೊರಗೆ ತೆಗೆಯಬೇಕು, ಚೀಲ ಖಾಲಿ ಮಾಡಿ, ಬಾಯಿ ಅಗಲಿಸಿ, ಫ್ಯಾನಿನ ಗಾಳಿ ತಾಗುವಲ್ಲಿ ನೇತುಹಾಕಬೇಕು. ನೆಲಕ್ಕಿಡುವುದಲ್ಲ. ತುಂಬಾ ನೆನೆದಿದ್ದರೆ ಒಳಗೆ ಹಳೇ ಪೇಪರ್ ಉಂಡೆ ತುರುಕಿ, ಅದು ಒದ್ದೆಯಾದಂತೆ ಬದಲಿಸಿ. ಬಕಲ್ ಬಿಚ್ಚಿಯೇ ಇಡಿ, ಹಾಕಿಟ್ಟರೆ ಪಟ್ಟಿ ಬಗ್ಗಿದಲ್ಲೇ ಚರ್ಮ ಒಡೆಯುತ್ತದೆ. ಸೌದೆ ಒಲೆ ಉರಿಯುವ ಬಚ್ಚಲಿನ ಹೊರಗೋಡೆ ಬೆಚ್ಚಗಿರುತ್ತದಲ್ಲ, ನನ್ನ ಚೀಲದ ಮೊಳೆ ಈಗ ಅಲ್ಲಿದೆ. ಒಲೆಗೆ ತೀರಾ ಹತ್ತಿರ ಬೇಡ, ಮೇಣ ಇಳಿಯುತ್ತದೆ.

ದಿನಾ ಬಳಸುವ ಚೀಲಕ್ಕೆ ಬೂಸರು ಬರುವುದು ಕಡಿಮೆ. ಆಟಿ ಕಳೆಯಲಿ ಆಮೇಲೆ ಹೊರಗೆ ತೆಗೆಯುತ್ತೇನೆ ಅಂತ ಪ್ಲಾಸ್ಟಿಕ್ ಕವರಿನಲ್ಲಿ ಸುತ್ತಿ ಕಪಾಟಿಗೆ ಇಡುವವರ ಚೀಲಕ್ಕೇ ಬರುವುದು.

ಬಾಕಿ ಇರುವ ಕೆಲಸ ಹೆಗಲಪಟ್ಟಿಯದ್ದು. ಹಳೇ ಹತ್ತಿ ಪಟ್ಟಿ ಗಟ್ಟಿಯೇ ಇದೆ, ಆದರೆ ಒಂದೂವರೆ ಇಂಚು ಅಗಲ ನನ್ನ ಹೆಗಲಿಗೆ ಸಾಲದು. ಎರಡೂವರೆ ಇಂಚಿನ ಉಣ್ಣೆಯ ಫೆಲ್ಟ್ ತುಂಡನ್ನು ಕ್ಯಾನ್ವಾಸಿನಲ್ಲಿ ಸುತ್ತಿ, ಪಟ್ಟಿ ಅದರೊಳಗೆ ಜಾರುವ ಹಾಗೆ ಎರಡು ಮೆತ್ತೆ ಹೊಲಿಯಬೇಕು. ಪಟ್ಟಿಗೇ ಹೊಲಿದುಬಿಟ್ಟರೆ ತೊಳೆಯಲು, ಒಣಗಿಸಲು ಕಷ್ಟ. ಜಾರುವ ಮೆತ್ತೆಯಾದರೆ ತೆಗೆದು ಬಿಸಿಲಿಗೆ ಹಾಕಬಹುದು. ಫೋಮ್ ಹಾಕುವ ಯೋಚನೆ ಇಲ್ಲ, ಬೆವರು ಕುಡಿದ ಫೋಮ್ ನಮ್ಮಲ್ಲಿ ಒಣಗುವುದಿಲ್ಲ. ಫೆಲ್ಟ್ ಮಂಗಳೂರಿನಲ್ಲಿ ಹುಡುಕಬೇಕು, ಇಲ್ಲಿ ಸಿಕ್ಕಿದ್ದೆಲ್ಲ ಪಾಲಿಯೆಸ್ಟರ್.